ಹುಳುಮನೆಯಲ್ಲಿಟ್ಟ ಸಿಗಾರು

ಒದ್ದೆ ಗೋಣಿತಾಟಿನ ವಾಸನೆಗೆ ಯಾರಿಗಾದರೂ ಎದೆ ಡವಗುಟ್ಟುತ್ತದೆಯೇ? ನನಗೆ ಡವಗುಟ್ಟುತ್ತದೆ. ಮೊನ್ನೆ ಭಾನುವಾರ ಅಮ್ಮನ ಹುಳುಮನೆಗೆ ಕಾಲಿಟ್ಟೆ. ಹೊರಗೆ ಮಾಲೂರಿನ ಬಿಸಿಲು ನೆತ್ತಿ ಸುಡುತ್ತಿತ್ತು. ಒಳಗೆ ತಟ್ಟೆಗಳಲ್ಲಿ ರೇಷ್ಮೆ ಹುಳುಗಳು ಸರಸರ ಸದ್ದು ಮಾಡುತ್ತಾ ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು. ಕಿಟಕಿಗಳಿಗೆ ಕಟ್ಟಿದ್ದ ಗೋಣಿತಾಟಿಗೆ ಅಮ್ಮ ಚೊಂಬಿನಿಂದ ನೀರು ಚಿಮುಕಿಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಾಗಿಲಲ್ಲೇ ನಿಂತುಬಿಟ್ಟೆ.

“ಅಮ್ಮಾ, ಹೊಗೆಸೊಪ್ಪಿನ ವಾಸನೆ ಬರ್ತಿಲ್ವಾ?” ಎಂದೆ.

“ನಿನ್ ಮೂಗಿಗೆ ಮಾತ್ರ ಬರೋದು ಅದು. ಗೋಡೆಗೆ ಎಷ್ಟು ಸಲ ಸುಣ್ಣ ಹೊಡ್ಸಿಲ್ಲ ನಾನು? ಸುಮ್ನೆ ಸೊಪ್ಪು ಹಾಕು ಬಾ” ಎಂದಳು ಅಮ್ಮ. ಆದರೆ ಅವಳೂ ಒಂದು ಸಲ ಮೂಗೆಳೆದುಕೊಂಡದ್ದನ್ನು ನಾನು ನೋಡಿದೆ.

ಕೆಲವು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಈ ಹುಳುಮನೆಯಲ್ಲಿ ಒಂದೇ ಒಂದು ಹುಳು ಇರಲಿಲ್ಲ. ಇದ್ದದ್ದು ಒಂದು ಸಿಗಾರ್ ಪೆಟ್ಟಿಗೆ. ಹಾಲು ಕುಡಿಯುವ ಕೂಸನ್ನು ಕಾಯುವಂತೆ ನಾವು ಅದನ್ನು ಕಾದೆವು. ಯಾರಿಗಾದರೂ ಹೇಳಿದರೆ ನಗುತ್ತಾರೆ. ನಗಲಿ ಬಿಡಿ, ಆ ವರ್ಷ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ನಮ್ಮದು ಮಾಲೂರು ತಾಲ್ಲೂಕಿನ ಸಣ್ಣ ಊರು. ಕೆರೆ ಏರಿಯ ಕೊನೆಯಲ್ಲಿ, ಹೊಂಗೆ ಮರದ ಕೆಳಗೆ, ಮುನೇಶ್ವರನ ಗುಡಿಯಿದೆ. ಗುಡಿ ಎಂದರೆ ಮೂರು ಗೋಡೆ, ಒಂದು ಸೂರು, ಮುಂದೆ ಬಾಗಿಲಿಲ್ಲ. ತಾತನ ಕಾಲದಿಂದ ಪೂಜೆ ನಮ್ಮ ಮನೆಯದು, ಈಗ ಅಪ್ಪನದು. ನಮ್ಮ ಮುನೇಶ್ವರ ಹಾಲು ಹಣ್ಣಿಗೆ ತೃಪ್ತಿಪಡುವ ದೇವರಲ್ಲ. ಅವನಿಗೆ ಕೋಳಿ ಬೇಕು, ಸಾರಾಯಿ ಬೇಕು, ಎಲ್ಲಕ್ಕಿಂತ ಮೊದಲು ಚುಟ್ಟ ಬೇಕು. ಹಿಂದೆ ಬರೀ ಗುಂಡುಕಲ್ಲು ಇದ್ದ ಜಾಗದಲ್ಲಿ ವಿಗ್ರಹ ಇಡಿಸಿದಾಗ ಅಪ್ಪ ಶಿವಾರಪಟ್ಟಣದ ಶಿಲ್ಪಿಗೆ ಹೇಳಿದ್ದು ಒಂದೇ ಮಾತು: “ಮೀಸೆ ಹೆಂಗಾದ್ರೂ ಇರ್ಲಿ ಸ್ವಾಮಿ, ತುಟಿ ಮಧ್ಯೆ ಚುಟ್ಟ ನಿಲ್ಲೋ ಹಂಗೆ ಸಂದು ಬಿಡಿ.” ಶಿಲ್ಪಿ ಹಾಗೆಯೇ ಬಿಟ್ಟುಕೊಟ್ಟಿದ್ದ.

ಹರಕೆ ಹೊತ್ತವರು ಅಮಾವಾಸ್ಯೆಯ ಸಂಜೆ ಚುಟ್ಟ ತರುತ್ತಾರೆ. ಅಪ್ಪ ಅದನ್ನು ಕರ್ಪೂರದ ಉರಿಗೆ ಹಿಡಿದು ಹೊತ್ತಿಸಿ ಸ್ವಾಮಿಯ ತುಟಿಗಿಡುತ್ತಾನೆ. ಆಮೇಲೆ ಯಾರೂ ಮುಟ್ಟುವಂತಿಲ್ಲ, ಊದುವಂತಿಲ್ಲ. ಅದು ತಾನಾಗಿ ಬುಡದವರೆಗೆ ಉರಿದರೆ ಸ್ವಾಮಿ ಸೇದಿದ, ಹರಕೆ ಒಪ್ಪಿಕೊಂಡ ಎಂದು ಅರ್ಥ. ನಡುವೆ ಆರಿದರೆ ಬಂದವರ ಮುಖವೂ ಆರಿಹೋಗುತ್ತದೆ. ತಂಬಾಕು ಸ್ವಾಮಿಯ ಪಾಲಾದ್ದರಿಂದ ಪೂಜೆ ಮಾಡುವವನು ಅದನ್ನು ಬಾಯಿಗಿಡುವಂತಿಲ್ಲ. ಹುಡುಗನಾಗಿದ್ದಾಗ ಕದ್ದು ಬೀಡಿ ಸೇದುತ್ತಿದ್ದ ಅಪ್ಪ, ತಾತನಿಂದ ಪೂಜೆ ವಹಿಸಿಕೊಂಡ ದಿನವೇ ಬಿಟ್ಟವನು ಮತ್ತೆ ಮುಟ್ಟಿರಲಿಲ್ಲ.

ನನ್ನ ಅಕ್ಕ ಪದ್ಮ. ಅವಳನ್ನು ಶ್ರೀನಿವಾಸಪುರದ ಹತ್ತಿರದ ಹಳ್ಳಿಗೆ, ಮಾವಿನ ತೋಟದವರ ಮನೆಗೆ ಕೊಟ್ಟಿದ್ದೆವು. ಅಲ್ಲಿ ಮನೆಮಾತು ತೆಲುಗು. ಭಾವ ನಾಗೇಶ ಬೆಂಗಳೂರಿನಲ್ಲಿ ಒಬ್ಬ ಸಾಹೇಬರ ಕಾರು ಓಡಿಸುತ್ತಿದ್ದರು. ಮದುವೆಯಾದ ಮೇಲೆ ಅಕ್ಕನಿಗೆ ಮತ್ತೆ ಮತ್ತೆ ಬಸಿರು ನಿಂತಿತು, ಮತ್ತೆ ಮತ್ತೆ ಇಳಿದುಹೋಯಿತು. ಒಂದು ಸಲವಂತೂ ಐದು ತಿಂಗಳು ತುಂಬಿದ ಮೇಲೆ ಹೋಯಿತು. ಅವತ್ತಿನಿಂದ ಅವಳು ನಗುವಾಗಲೂ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದಳು, ಯಾರಿಗೋ ಹೆದರಿದ ಹಾಗೆ.

ಆ ವರ್ಷ ಮತ್ತೆ ನಿಂತಿತು. ಡಾಕ್ಟರು ಮಂಚ ಬಿಟ್ಟು ಇಳಿಯಬೇಡ ಎಂದಿದ್ದರಿಂದ ಅಕ್ಕ ಗಂಡನ ಮನೆಯಲ್ಲೇ ಮಲಗಿದ್ದಳು. ಅದೇ ಹೊತ್ತಿಗೆ ಸಾಹೇಬರಿಗೂ ಅವರ ಡಾಕ್ಟರು ಹೊಗೆ ಬಿಡಿ ಎಂದರಂತೆ. ಅವರು ಸೀಲು ಒಡೆಯದ ಒಂದು ಮರದ ಸಿಗಾರ್ ಪೆಟ್ಟಿಗೆಯನ್ನು ಭಾವನ ಕೈಗಿಟ್ಟು, “ನನ್ನ ಕಣ್ಣಿಗೆ ಬೀಳದ ಹಾಗೆ ಏನಾದ್ರೂ ಮಾಡಿಕೋ” ಎಂದರು. ಬೇರೆಯವರಾಗಿದ್ದರೆ ಮಾರುತ್ತಿದ್ದರು. ಭಾವ ನೇರ ನಮ್ಮೂರಿಗೆ ಬಂದು ಪೆಟ್ಟಿಗೆಯನ್ನು ಮುನೇಶ್ವರನ ಪಾದದಲ್ಲಿಟ್ಟರು. “ಸ್ವಾಮೀ, ಈ ಪೆಟ್ಟಿಗೆ ನಿಂದು. ಅಮಾಸೆಗೊಂದು ಕೊಡ್ತೀವಿ, ಮಗು ಕೈಗೆ ಬರೋ ತನ್ಕ. ನೀನು ಸೇದ್ತಾ ಇರು, ನಮ್ಮ ಪದ್ಮನ್ನ ಕಾಯ್ತಾ ಇರು” ಎಂದು ಎಲ್ಲರೆದುರು ಹರಕೆ ಹೊತ್ತರು. ಸಿಗಾರಿನ ತುದಿಯನ್ನು ಹೇಗೆ ಕತ್ತರಿಸಬೇಕು ಎಂದು ಅಪ್ಪನಿಗೆ ತೋರಿಸಿಕೊಟ್ಟು ಹೋದರು.

ಎಳ್ಳಮಾವಾಸ್ಯೆಯ ಸಂಜೆ ಮೊದಲನೆಯದನ್ನು ಹೊತ್ತಿಸಿದೆವು. ಮಾಗಿಯ ಗಾಳಿ ಕೆರೆಯ ಮೇಲಿಂದ ನೇರ ಗುಡಿಗೆ ನುಗ್ಗುತ್ತಿತ್ತು. ಆ ಸಿಗಾರು ಉರಿದದ್ದೇನು, ಅದರ ಕೆಂಡ ಮಿನುಗಿದ್ದೇನು! ಬೂದಿ ಉದುರದೆ ಗಟ್ಟಿಯಾಗಿ ನಿಂತು, ಬುಡದವರೆಗೆ ಉರಿದು, ಸ್ವಾಮಿಯ ಮೀಸೆಗೆ ಮಸಿ ಹಿಡಿಸಿತು. ಅಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ಅಕ್ಕನ ಫೋನು ಬಂತು. “ಉರೀತಾ?” ಎಂದಳು, ಬೇರೆ ಮಾತೇ ಇಲ್ಲ. “ಬುಡದ ತನ್ಕ ಉರೀತು ಕಣೇ!” ಎಂದು ನಾನು ಕಿರುಚಿದೆ. ಮುಂದಿನ ಅಮಾವಾಸ್ಯೆಗೂ ಸ್ವಲ್ಪ ಸೊಟ್ಟಗಾದರೂ ಉರಿಯಿತು.

ಆಮೇಲೆ ಬಿಸಿಲು ಏರಿತು. ನಮ್ಮ ಕಡೆಯ ಬಿಸಿಲು ಬೆವರಿಸುವ ಬಿಸಿಲಲ್ಲ, ಹೀರುವ ಬಿಸಿಲು. ಒಗೆದ ಸೀರೆ ಹಿಂಡಿ ಹರವುವುದರೊಳಗೆ ಒಣಗುತ್ತದೆ. ತುಟಿ ಬಿರಿಯುತ್ತದೆ, ಬಾಗಿಲ ಹಲಗೆ ಬಿರಿಯುತ್ತದೆ. ಸುತ್ತಲೂ ಇಟ್ಟಿಗೆ ಗೂಡುಗಳು ಬೇರೆ. ಪೆಟ್ಟಿಗೆಯನ್ನು ಮನೆಯ ದೇವರ ಗೂಡಿನಲ್ಲಿ, ತಗಡಿನ ಸೂರಿನ ಕೆಳಗೆ ಇಟ್ಟಿದ್ದೆವು. ಶಿವರಾತ್ರಿಯ ಮಾರನೆಯ ದಿನ, ಅಮಾವಾಸ್ಯೆ ಸಂಜೆ, ಅಪ್ಪ ಒಂದನ್ನು ಕೈಗೆತ್ತಿಕೊಂಡಾಗ ಮೇಲಿನ ಎಲೆ ಚಟಚಟ ಅಂದಿತು. ಹೊತ್ತಿಸಿದ ಕೂಡಲೇ ಒಂದು ಪಕ್ಕ ಭರ್ರನೆ ಉರಿದು, ಸುತ್ತಿದ ಎಲೆ ಬಿಚ್ಚಿಕೊಂಡು, ಅರ್ಧಕ್ಕೇ ಮುರಿದು ಸ್ವಾಮಿಯ ಪಾದದ ಮೇಲೆ ಬಿತ್ತು. ಬಿದ್ದದ್ದು ಆರಿಹೋಯಿತು.

ಅಮ್ಮ ಆರತಿ ತಟ್ಟೆಯನ್ನು ಕೆಳಗಿಟ್ಟಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ನಾನು ಎತ್ತುವ ಮೊದಲೇ ಅಮ್ಮ ಕಿತ್ತುಕೊಂಡಳು.

“ಉರೀತು ಕಣಮ್ಮ. ಚೆನ್ನಾಗಿ ಉರೀತು. ನೀನು ಮಲ್ಕೋ” ಎಂದಳು. ಫೋನು ಕೆಳಗಿಟ್ಟ ಮೇಲೆ ಸ್ವಾಮಿಯ ಕಡೆ ತಿರುಗಿ, “ತಪ್ಪಾಯ್ತಪ್ಪಾ, ಅವಳಿಗೆ ಗಾಬರಿ ಆಗಬಾರ್ದು ಅಂತ ಸುಳ್ಳು ಹೇಳ್ದೆ. ಅದನ್ನ ನನ್ ಲೆಕ್ಕಕ್ಕೆ ಹಾಕ್ಕೋ, ಅವಳ ಲೆಕ್ಕಕ್ಕೆ ಹಾಕ್ಬೇಡ” ಎಂದು ಅಡ್ಡಬಿದ್ದಳು. ಶ್ರೀನಿವಾಸಪುರದ ಯಾರಿಗೂ, ಭಾವನಿಗೂ ಕೂಡ, ಇದು ತಿಳಿಯಬಾರದು ಎಂದು ನನ್ನಿಂದಲೂ ಅಪ್ಪನಿಂದಲೂ ಆಣೆ ಹಾಕಿಸಿದಳು.

ಮುಳಬಾಗಿಲು ಸಂತೆಯಲ್ಲಿ ಸಿಗುವ ಮಾಮೂಲಿ ಚುಟ್ಟವನ್ನೇ ತಂದು ಇಟ್ಟರಾಗದೇ ಎಂದು ನಾನು ಕೇಳಿದೆ. ಅಪ್ಪ ತಲೆಯಾಡಿಸಿದ. “ಹರಕೆ ಹೊತ್ತಿರೋದು ಈ ಪೆಟ್ಟಿಗೇದು. ದೇವ್ರಿಗೆ ಒಂದು ತೋರ್ಸಿ ಇನ್ನೊಂದು ಕೊಡಾಕಾಯ್ತದಾ?” ಅಪ್ಪನದು ಮಾತು ಕಡಿಮೆ. ಒಂದು ಸಲ ಆಡಿದರೆ ಅದನ್ನು ಅಲುಗಿಸುವುದಕ್ಕೆ ಯಾರಿಂದಲೂ ಆಗುವುದಿಲ್ಲ.

ನಾನು ಆಗ ಮಾಲೂರಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಮಾಡುತ್ತಿದ್ದೆ. ಊಟದ ಬಿಡುವಿನಲ್ಲಿ ಫೋನಿನಲ್ಲಿ ಹುಡುಕಿ ಹುಡುಕಿ ಓದಿದೆ. ಸಿಗಾರಿಗೆ ತೇವ ಬೇಕು, ನೂರಕ್ಕೆ ಎಪ್ಪತ್ತರಷ್ಟು, ತಂಪೂ ಬೇಕು. ಒಣಗಿದರೆ ಎಲೆ ಒಡೆಯುತ್ತದೆ ಎಂದಿತ್ತು. ಓದಿ ನನಗೆಷ್ಟು ಸಮಾಧಾನವಾಯಿತೆಂದರೆ ಅಲ್ಲೇ ಕಣ್ಣಲ್ಲಿ ನೀರು ಬಂತು. ಸ್ವಾಮಿಗೆ ಕೋಪ ಬಂದಿಲ್ಲ, ಬರೀ ಎಲೆ ಒಣಗಿದೆ! ತೇವ ತೋರಿಸುವ ಒಂದು ಪುಟ್ಟ ಮಾಪಕ ತರಿಸಿಕೊಂಡೆ. ನಮ್ಮ ಮನೆಯೊಳಗೆ ಅದರ ಮುಳ್ಳು ಇಪ್ಪತ್ತೈದರ ಹತ್ತಿರ ಸತ್ತು ಬಿದ್ದಿತ್ತು.

ಶುರುವಾಯಿತು ನೋಡಿ ನನ್ನ ಒದ್ದಾಟ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ, ಮಧ್ಯಾಹ್ನಕ್ಕೆ ಬಟ್ಟೆ ಹಪ್ಪಳವಾಯಿತು. ಮಣ್ಣಿನ ಗಡಿಗೆಯಲ್ಲಿಟ್ಟೆ, ತಳದಲ್ಲಿದ್ದದ್ದು ಊದಿಕೊಂಡಿತು, ಮೇಲಿದ್ದದ್ದು ಹಾಗೇ ಒಣಗಿತ್ತು. ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಒಣಗುತ್ತದಂತೆ. ಕಾರ್ಖಾನೆಯಲ್ಲಿ ನಿಂತಿದ್ದರೂ ತಲೆಯೊಳಗೆ ಆ ಮುಳ್ಳೇ. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲು ಪೆಟ್ಟಿಗೆಯ ಹತ್ತಿರ ಓಡುತ್ತಿದ್ದೆ. ಅತ್ತ ಅಕ್ಕನ ಬಿ.ಪಿ. ಏರುತ್ತಿದೆ ಎಂದು ಸುದ್ದಿ, ಇತ್ತ ಮುಳ್ಳು ಇಳಿಯುತ್ತಿದೆ. ಎರಡೂ ಒಂದೇ ಎಂದು ನನ್ನ ತಲೆಗೆ ಯಾವಾಗ ಹತ್ತಿತೋ ಗೊತ್ತಿಲ್ಲ. ಮುಳ್ಳು ಕೆಳಗಿದ್ದ ದಿನ ಅಕ್ಕನಿಗೆ ಫೋನು ಮಾಡಲು ಭಯವಾಗುತ್ತಿತ್ತು.

ಒಂದು ಬೆಳಿಗ್ಗೆ ನಾನು ಗಡಿಗೆಯ ಮುಂದೆ ಕೂತು ಅಳುತ್ತಿದ್ದಾಗ ಅಮ್ಮ ಬಂದು ನಿಂತಳು. “ಎಷ್ಟಿರ್ಬೇಕು ಅಂದೆ ತೇವ?”

“ಎಪ್ಪತ್ತು.”

“ಅಯ್ಯೋ, ನನ್ ಹುಳುಗೂ ಅಷ್ಟೇ ಅಲ್ವಾ ಬೇಕಿರೋದು?”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಂಗಳದ ಆಚೆ ಹುಳುಮನೆ. ದಪ್ಪ ಗೋಡೆ, ಎತ್ತರದ ಸೂರು, ನೆಲದ ಸುತ್ತ ಮರಳು ತುಂಬಿದ ಕಾಲುವೆ, ಕಿಟಕಿಗೆಲ್ಲ ಗೋಣಿತಾಟು. ನಡು ಬೇಸಿಗೆಯಲ್ಲೂ ಒಳಗೆ ಮಳೆಗಾಲ ಮಾಡುವುದು ಅಮ್ಮನಿಗೆ ನೀರು ಕುಡಿದಷ್ಟು ಸುಲಭ. ಆದರೆ ಹುಳುಮನೆಗೂ ಹೊಗೆಸೊಪ್ಪಿಗೂ ಆಗಿಬರುವುದಿಲ್ಲ. ಎಲೆಗೆ ಹೊಗೆಸೊಪ್ಪಿನ ಕೈ ತಾಗಿದರೂ ಸಾಕು, ಮೇಯ್ದ ಹುಳು ತಲೆ ಎತ್ತಿ ಒದ್ದಾಡಿ ಹಸಿರು ಕಕ್ಕಿ ಸಾಯುತ್ತದೆ. ಹೊಗೆಸೊಪ್ಪು ಹಾಕುವ ಸೋದರಮಾವನನ್ನೇ ಅಮ್ಮ ಅಂಗಳದಾಚೆ ನಿಲ್ಲಿಸಿ ಮಾತಾಡಿಸಿ ಕಳಿಸುವವಳು. ಮುಂದಿನ ವಾರ ಚಾಕಿ ಹುಳು, ಅಂದರೆ ಎಳೆಯ ಹುಳು, ಬರುವುದಿತ್ತು. ತೋಟದಲ್ಲಿ ಸೊಪ್ಪು ದಟ್ಟವಾಗಿ ನಿಂತಿತ್ತು.

ಅಮ್ಮ ಸ್ವಲ್ಪ ಹೊತ್ತು ಹುಳುಮನೆಯನ್ನೇ ನೋಡಿದಳು. ಆಮೇಲೆ ಚಾಕಿ ಹುಳು ಸಾಕಿ ಕೊಡುವವನಿಗೆ ಫೋನು ಮಾಡಿ, “ಈ ಸಲ ನಮ್ಗೆ ಹುಳು ಬ್ಯಾಡಪ್ಪ. ಬೇರೆಯವ್ರಿಗೆ ಕೊಡ್ರಿ” ಎಂದುಬಿಟ್ಟಳು. ಆ ಕಡೆಯವನು ಏನೋ ಕೇಳಿದ. “ಯಾಕಾ? ನನ್ ಮಗ್ಳು ಬಸುರಿ, ಅದ್ಕೆ” ಎಂದಳು. ಅಮ್ಮ ಮದುವೆಯಾಗಿ ಬಂದಾಗಿನಿಂದ ಬೇಸಿಗೆ ಬೆಳೆ ಬಿಟ್ಟದ್ದೇ ಇಲ್ಲ. ನನಗೆ ಅವಳ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು. “ಏನ್ ನೋಡ್ತಾ ಕೂತಿದೀಯ, ಬಿಂದಿಗೆ ಎತ್ಕೊಂಡ್ ಬಾ” ಎಂದು ಗದರಿದಳು.

ತಟ್ಟೆಗಳೆಲ್ಲ ಖಾಲಿ. ನಡುವಿನ ಸ್ಟ್ಯಾಂಡಿನ ಮೇಲೆ ಬಿಳಿ ಬಟ್ಟೆ ಹಾಸಿ ಒಂದು ಪೆಟ್ಟಿಗೆ. ಅಮ್ಮ ದಿನಕ್ಕೆ ಹಲವು ಬಾರಿ ಗೋಣಿಗೆ ನೀರು ಹಾಕುವಳು, ಮರಳು ನೆನೆಸುವಳು, ಮಧ್ಯಾಹ್ನ ಕಿಟಕಿ ಮುಚ್ಚಿ ಸಂಜೆ ತೆರೆಯುವಳು. ನನ್ನ ಮಾಪಕವನ್ನು ಅವಳು ನಂಬುತ್ತಿರಲಿಲ್ಲ. ಒಳಗೆ ಹೋಗಿ ಕಣ್ಣು ಮುಚ್ಚಿ ನಿಂತು, “ಇನ್ನೊಂದ್ ಚೂರು ಬೇಕು” ಎನ್ನುವಳು. ಹುಳುವಿಗೆ ಹಾಸಿಗೆ ಬದಲಾಯಿಸುವ ಹಾಗೆ ಸಿಗಾರುಗಳನ್ನು ಮಗ್ಗುಲು ಬದಲಿಸುವಳು. ಊರವರು ಬೇಲಿಯಾಚೆಯಿಂದ, “ಏನಮ್ಮಾ ಪೂಜಾರಮ್ಮಾ, ಸೊಪ್ಪೆಲ್ಲ ಕುರಿಗೆ ಹಾಕ್ತಿದೀರ, ಖಾಲಿ ಮನೆಗೆ ನೀರು ಹೊಡೀತಿದೀರ, ತಲೆಗಿಲೆ ಕೆಟ್ಟೈತಾ?” ಎಂದು ಕೇಳುತ್ತಿದ್ದರು. “ಹೂಂ, ಕೆಟ್ಟೈತೆ” ಎಂದು ಅಮ್ಮ ಒಳಗೆ ಹೋಗಿಬಿಡುತ್ತಿದ್ದಳು.

ಯುಗಾದಿಯ ಹಿಂದಿನ ದಿನದ ಅಮಾವಾಸ್ಯೆಗೆ ಮುಳ್ಳು ಸರಿಯಾಗಿ ಎಪ್ಪತ್ತರ ಮೇಲೆ ನಿಂತಿತ್ತು. ಸಿಗಾರು ಮುಟ್ಟಿದರೆ ಮೆತ್ತಗೆ, ಬೆರಳಿನ ಹಾಗೆ. ನಾನು ಅವತ್ತು ಹೊಸ ಸೀರೆ ಉಟ್ಟು ಗುಡಿಗೆ ಹೋಗಿದ್ದೆ, ಅಷ್ಟು ಧೈರ್ಯ. ಅಪ್ಪ ಹೊತ್ತಿಸಿ ಇಟ್ಟ. ಗಾಳಿ ಇರಲಿಲ್ಲ, ಹೊಂಗೆಯ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಕೆಂಡ ಒಂದು ಸಲ ಕೆಂಪಾಯಿತು, ಮಂಕಾಯಿತು, ಮೇಲೆ ಬೂದಿ ಮುಚ್ಚಿತು. ಉಗುರಿನಷ್ಟು ಉದ್ದ ಉರಿದಿರಬಹುದು, ಅಷ್ಟೇ. ಆರಿಹೋಯಿತು.

ಶಿವರಾತ್ರಿಯದ್ದಕ್ಕಿಂತ ಇದು ಕೆಟ್ಟದ್ದಾಗಿತ್ತು. ಆಗ ಎಲೆ ಒಣಗಿತ್ತು ಎನ್ನಬಹುದಿತ್ತು. ಈಗ ಯಾವ ನೆಪವೂ ಇರಲಿಲ್ಲ, ನಾವು ಮಾಡಬೇಕಾದದ್ದನ್ನೆಲ್ಲ ಮಾಡಿದ್ದೆವು. ಫೋನಿನಲ್ಲಿ ಅಕ್ಕ “ಉರೀತಾ?” ಎಂದಾಗ ಅಮ್ಮ ಫೋನನ್ನು ನನ್ನ ಕೈಗೆ ತುರುಕಿದಳು, ನಾನೇ “ಉರೀತು” ಎಂದೆ. “ನಿನ್ ಧ್ವನಿ ಯಾಕೆ ಹಂಗಿದೆ?” ಎಂದಳು. ಹೊಗೆ ಕಣೇ, ಹೊಗೆ ಗಂಟಲಿಗೆ ಹೋಯ್ತು ಎಂದೆ.

ಆಮೇಲಿನ ತಿಂಗಳು ಅಮ್ಮ ತೇವ ಸಾಲದೆಂದು ಇನ್ನಷ್ಟು ನೀರು ಹುಯ್ದಳು. ನಾನು ಬೇಡವೆಂದರೂ ಕೇಳಲಿಲ್ಲ. ಒಂದು ದಿನ ಕೂಗಿಕೊಂಡು ಹೊರಗೆ ಓಡಿಬಂದಳು. “ರತ್ನಾ, ಸುಣ್ಣಕಟ್ಟು ಬಂದೈತೆ ಕಣೇ!” ಸುಣ್ಣಕಟ್ಟು ಎನ್ನುವುದು ಶೀತ ಹೆಚ್ಚಾದರೆ ಹುಳುವಿಗೆ ಬರುವ ರೋಗ, ಮೈಯೆಲ್ಲ ಬೆಳ್ಳಗಾಗಿ ಹುಳು ಸೀಮೆಸುಣ್ಣದಂತೆ ಸೆಟೆದುಕೊಳ್ಳುತ್ತದೆ. ಹೋಗಿ ನೋಡಿದರೆ ಸಿಗಾರುಗಳ ಮೈಮೇಲೆ ಬೆಳ್ಳಗೆ ಬೂಸ್ಟು. ಅಷ್ಟರಲ್ಲಿ ಅಮ್ಮ ಕೈಗೆ ಬಂದ ಅಭ್ಯಾಸದಂತೆ ಹುಳುವಿಗೆ ಹಾಕುವ ಸುಣ್ಣದ ಪುಡಿಯನ್ನು ಜರಡಿಯಲ್ಲಿ ಅವುಗಳ ಮೇಲೆ ಉದುರಿಸಿಯೂ ಆಗಿತ್ತು! ನಾನು ಹಣೆ ಚಚ್ಚಿಕೊಂಡೆ. “ಅಮ್ಮಾ, ಅವು ಹುಳು ಅಲ್ಲಮ್ಮಾ!” ಎಂದು ಕಿರುಚಿದೆ. ಅವಳು ಜರಡಿ ಹಿಡಿದುಕೊಂಡೇ ನೆಲಕ್ಕೆ ಕುಸಿದು ಕೂತು, “ನಂಗೇನ್ ಗೊತ್ತೇ? ಸಾಯ್ತಾ ಇರೋದನ್ನ ಉಳಿಸ್ಕೊಳ್ಳೋದು ನಂಗೆ ಹಿಂಗೇ ಗೊತ್ತಿರೋದು” ಎಂದು ಅತ್ತಳು. ಇಬ್ಬರೂ ಕೂತು ಒಂದೊಂದನ್ನೇ ಮೆತ್ತನೆ ಬಟ್ಟೆಯಲ್ಲಿ ಒರೆಸಿದೆವು. ಹೆಚ್ಚಿನವು ಕೊಳೆತಿದ್ದವು. ಚೆನ್ನಾಗಿ ಉಳಿದದ್ದು ಒಂದೇ.

ಚೈತ್ರದ ಅಮಾವಾಸ್ಯೆಯ ಹಿಂದಿನ ದಿನ ಭಾವನ ಫೋನು ಬಂತು. ಅಕ್ಕನಿಗೆ ಬಿ.ಪಿ. ವಿಪರೀತ ಏರಿ ಕಣ್ಣು ಮಂಜಾಗಿ, ಕೋಲಾರದ ಆಸ್ಪತ್ರೆಗೆ ಸೇರಿಸಿದ್ದರು. ಏಳು ತುಂಬಿ ಎಂಟಕ್ಕೆ ಬಿದ್ದಿತ್ತು ಅಷ್ಟೇ. ನಾನೂ ಅಮ್ಮನೂ ಓಡಿದೆವು. ಅಕ್ಕ ಮುಖ ಊದಿಕೊಂಡು ಮಲಗಿದ್ದಳು, ನನ್ನ ಕೈ ಹಿಡಿದು ಬಿಡಲಿಲ್ಲ. “ನಾಳೆ ಅಮಾಸೆ ಅಲ್ವಾ? ಅಪ್ಪ ಒಬ್ನೇ ಇರ್ತಾನೆ. ನೀನು ಹೋಗು. ಉರಿಯೋದನ್ನ ನೋಡಿ ನಂಗೆ ಹೇಳು” ಎಂದಳು. ಮಾರನೆಯ ದಿನ ಬೆಳಿಗ್ಗೆ ಡಾಕ್ಟರು, ಕಾಯುವ ಹಾಗಿಲ್ಲ, ಸಂಜೆಯೊಳಗೆ ಕುಯ್ದು ತೆಗೆಯಬೇಕು, ಇಬ್ಬರ ಬಗ್ಗೆಯೂ ಈಗಲೇ ಏನೂ ಹೇಳಲಾರೆ ಎಂದರು.

ಹೊರಗಿನ ಬೇವಿನ ಮರದ ಕೆಳಗೆ ಭಾವ ನಿಂತಿದ್ದರು. “ಏಮೀ ಕಾದು ರತ್ನಾ, ಏನೂ ಆಗಲ್ಲ. ಸ್ವಾಮಿ ಇಷ್ಟು ತಿಂಗಳು ಸೇದಿದಾನೆ, ಕೈ ಬಿಡ್ತಾನಾ?” ಎಂದರು. ಅಷ್ಟು ಹೊತ್ತು ಹೇಗೋ ತಡೆದುಕೊಂಡಿದ್ದವಳು ನಾನು, ಆ ಮಾತಿಗೆ ಒಡೆದುಹೋದೆ. ಅಮ್ಮನ ಆಣೆ ಮರೆತು ಎಲ್ಲ ಹೇಳಿಬಿಟ್ಟೆ. ಒಣಗಿ ಮುರಿದದ್ದು, ಹುಳುಮನೆ, ಎಪ್ಪತ್ತು, ಯುಗಾದಿಯ ಅಮಾವಾಸ್ಯೆಗೆ ಹೊತ್ತಿದ ಕೂಡಲೇ ಆರಿದ್ದು.

ಭಾವ ನನ್ನನ್ನೇ ನೋಡಿದರು. “ನಂಗ್ಯಾಕೆ ಹೇಳಿಲ್ಲ ನೀವು? ಸಾಹೇಬ್ರು ಸೇದೋದನ್ನ ನಾನು ದಿನಾ ಕಾರಿನ ಕನ್ನಡೀಲಿ ನೋಡ್ತಿದ್ದೆ. ಅದು ಬೀಡಿ ಥರ ಅಲ್ಲಮ್ಮ, ತಾನಾಗೇ ಉರಿಯಲ್ಲ. ಒಂದ್ ನಿಮಿಷ ಎಳೀದೇ ಬಿಟ್ರೆ ಆರಿಹೋಗ್ತದೆ. ಎಳೀತಾನೇ ಇರ್ಬೇಕು.”

“ಮತ್ತೆ ಗೊತ್ತಿದ್ದೂ ಯಾಕೆ ಕೊಟ್ರಿ ಭಾವ!”

“ಸ್ವಾಮಿ ಎಳೀತಾನೆ ಅಂದ್ಕೊಂಡೆ” ಎಂದರು ಭಾವ. ಆಮೇಲೆ ಅವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. “ಮೊದಲನೇದು ಎಳೆದಿದ್ನಲ್ಲ? ಹಂಗಾದ್ರೆ ಈಗ ಎಳೀತಿಲ್ವಾ?”

ನನಗೆ ಮಾಗಿಯ ಗಾಳಿ ನೆನಪಾಯಿತು. ಗಾಳಿ ಊದಿ ಉರಿಸಿದ್ದು ಅದನ್ನು, ತೇವವೂ ಅಲ್ಲ, ಒಣಗಿದ್ದೂ ಅಲ್ಲ. ಹೇಳಲು ಬಾಯಿ ತೆರೆದೆ, ಆದರೆ ಆ ಮುಖಕ್ಕೆ ಹೇಳಲಾಗಲಿಲ್ಲ. ಬಸ್ಸು ಹಿಡಿದು ಊರಿಗೆ ಬಂದೆ.

ಸಂಜೆ ಗುಡಿಯಲ್ಲಿ ನಾನೂ ಅಪ್ಪನೂ ಇಬ್ಬರೇ. ಭಾವ ಹೇಳಿದ್ದನ್ನು ಅಪ್ಪನಿಗೆ ಹೇಳಿದೆ. ಅವನು ಉಳಿದಿದ್ದ ಒಂದನ್ನು ಕತ್ತರಿಸಿ, ಕರ್ಪೂರಕ್ಕೆ ಹಿಡಿದು, ತಿರುಗಿಸಿ ತಿರುಗಿಸಿ ಹೊತ್ತಿಸಿ ತುಟಿಯ ಸಂದಿಗಿಟ್ಟು ಕೈ ಮುಗಿದ. ಗಾಳಿ ಸತ್ತುಹೋಗಿತ್ತು. ಕೆಂಡ ಮಿನುಗಿತು. ಅಮ್ಮನ ಫೋನು ಬಂತು: “ಒಳಗೆ ಕರ್ಕೊಂಡ್ ಹೋದ್ರು ಕಣೇ. ಉರೀತೈತಾ?” ನಾನು ಉತ್ತರ ಕೊಡುವಷ್ಟರಲ್ಲಿ ಕೆಂಡದ ಮೇಲೆ ಬೂದಿ ಕವಿಯತೊಡಗಿತ್ತು.

ಅಪ್ಪ ಅದನ್ನು ನೋಡುತ್ತಾ ನಿಂತಿದ್ದ. ಆಮೇಲೆ ಕೈ ಚಾಚಿ ಸ್ವಾಮಿಯ ತುಟಿಯಿಂದ ಸಿಗಾರನ್ನು ತೆಗೆದ. ತೆಗೆಯಬಾರದು, ಯಾರೂ ತೆಗೆಯಬಾರದು. “ಅಪ್ಪಾ!” ಎಂದೆ.

“ಅವನು ಎಳೀದಿದ್ರೆ ನಾನೇ ಎಳೀತೀನಿ” ಎಂದ ಅಪ್ಪ. “ಎಂಜಲಾದ್ರೆ ಆಗ್ಲಿ. ಪಾಪ ಬಂದ್ರೆ ನಂಗೇ ಬರ್ಲಿ.”

ಅವನು ಅದನ್ನು ಬಾಯಿಗಿಟ್ಟುಕೊಂಡು ಜೋರಾಗಿ ಎಳೆದ. ಸತ್ತ ಕೆಂಡ ಮತ್ತೆ ಕೆಂಪಾಯಿತು. ಅವನಿಗೆ ಕೆಮ್ಮು ಒತ್ತರಿಸಿ ಬಂತು, ಬಗ್ಗಿ ಕೆಮ್ಮಿದ, ಕಣ್ಣಲ್ಲಿ ನೀರು ಸುರಿಯಿತು. ಕೆಮ್ಮುತ್ತಲೇ ಸಿಗಾರನ್ನು ಸ್ವಾಮಿಯ ತುಟಿಗೆ ಮುಟ್ಟಿಸಿದ, ಮತ್ತೆ ತನ್ನ ಬಾಯಿಗಿಟ್ಟು ಎಳೆದ. ಸ್ವಾಮಿಗೊಂದು, ತನಗೊಂದು. ಬೀಡಿ ಬಿಟ್ಟು ಅಷ್ಟು ವರ್ಷವಾದ ಎದೆ ಅದು. ಒಳಗಿನಿಂದ ಸೀಳುವಂಥ ಸದ್ದು ಬರುತ್ತಿತ್ತು. ಬಿಡು ಅಪ್ಪಾ, ಸಾಕು ಅಪ್ಪಾ ಎಂದು ನಾನು ಅವನ ತೋಳು ಹಿಡಿದೆಳೆದೆ. ಕೊಡವಿಕೊಂಡ.

ಅರ್ಧ ಮುಗಿದಿರಬಹುದು, ಫೋನು ಮತ್ತೆ ಹೊಡೆದುಕೊಂಡಿತು. ಅಮ್ಮ.

“ಹೆಣ್ಣಂತೆ ರತ್ನಾ. ಪದ್ಮಂಗೆ ಎಚ್ಚರ ಇಲ್ಲ, ಆದ್ರೂ ಪರವಾಗಿಲ್ಲ ಅಂದ್ರು. ಮಗು ಇಷ್ಟೇ ಇಷ್ಟು ಐತಂತೆ. ಬಾಗಿಲಾಚೆ ನಿಂತಿದೀನಿ, ಒಳಗಿಂದ ಸದ್ದೇ ಇಲ್ಲ ಕಣೇ...” ಎಂದವಳು ತಟ್ಟನೆ ನಿಲ್ಲಿಸಿದಳು. “ಅದೇನದು, ಯಾರು ಹಂಗೆ ಕೆಮ್ತಿರೋದು?”

ಮುಚ್ಚಿಡಲು ನನ್ನಲ್ಲಿ ಶಕ್ತಿ ಇರಲಿಲ್ಲ. “ಅಪ್ಪ. ಆರೋಗ್ತಿತ್ತು ಅಂತ ಸ್ವಾಮಿದನ್ನ ತಾನೇ ಸೇದ್ತಾ ಇದಾನೆ ಅಮ್ಮಾ.”

ಹುಳುಮನೆಗೆ ಕೈ ತೊಳೆಯದೆ ಬಂದರೆ ಬೆನ್ನಿಗೆ ಬಾರಿಸುವವಳು ನನ್ನಮ್ಮ, ದೇವರಿಗಿಟ್ಟ ಹೂವಿನ ಮೇಲೆ ನೆರಳು ಬಿದ್ದರೂ ಸಹಿಸದವಳು. ಎಂಜಲಿನ ಮಾತಿಗೆ ಕೂಗಾಡುತ್ತಾಳೆಂದು ನಾನು ಕಣ್ಣು ಮುಚ್ಚಿಕೊಂಡು ಕಾದೆ.

“ನಿಲ್ಲಿಸ್ಬೇಡ ಅನ್ನು” ಎಂದಳು ಅಮ್ಮ. “ಮಗು ಇನ್ನೂ ಅತ್ತಿಲ್ಲ.”

ನಾನು ಹೇಳಬೇಕಾಗಿಯೇ ಬರಲಿಲ್ಲ, ಅಪ್ಪನಿಗೆ ಕೇಳಿಸಿತ್ತು. ಅವನು ಗೋಡೆಗೆ ಒಂದು ಕೈ ಆನಿಸಿ, ಎರಡು ಕೆನ್ನೆಯೂ ಒಳಗೆ ಹೋಗುವಂತೆ ಎಳೆದ. ಕೆಮ್ಮಿದ, ಎಳೆದ. ಅಮ್ಮ ಫೋನು ಇಡಲಿಲ್ಲ, ನಾನೂ ಇಡಲಿಲ್ಲ. ಆ ಕಡೆ ಆಸ್ಪತ್ರೆಯ ಚಪ್ಪಲಿ ಸದ್ದು, ಭಾವ ತೆಲುಗಿನಲ್ಲಿ ಏನೋ ಬೇಡಿಕೊಳ್ಳುತ್ತಿದ್ದದ್ದು, ಯಾವುದೋ ಬಾಗಿಲು ತೆರೆದು ಮುಚ್ಚಿದ್ದು. ಈ ಕಡೆ ಅಪ್ಪನ ಕೆಮ್ಮು. ಕೆಂಡ ಅವನ ಬೆರಳಿನ ಹತ್ತಿರಕ್ಕೆ ಬಂದಿತ್ತು.

ಆಗ ಕೇಳಿಸಿತು. ಮೊದಲು ನನಗೆ ಅಳು ಎಂದೇ ತಿಳಿಯಲಿಲ್ಲ, ಅಷ್ಟು ಸಣ್ಣದು, ಬೆಕ್ಕಿನ ಮರಿಯ ಕೂಗಿನಂತೆ. ಅಮ್ಮ “ಅತ್ತಳೂ” ಎಂದು ಚೀರಿದಳು. ನಾನು ಫೋನನ್ನು ಅಪ್ಪನ ಕಿವಿಗೆ ಹಿಡಿದೆ. ಅವನು ಕೇಳಿದ, ತಲೆಯಾಡಿಸಿದ, ಕಣ್ಣು ಮೂಗು ಎಲ್ಲ ಒಟ್ಟಿಗೆ ಸುರಿಯುತ್ತಿತ್ತು. “ಸಾಕು ಬಿಡಪ್ಪಾ, ಇನ್ನು ಬಿಡು” ಎಂದೆ.

ಬುಡ ಇನ್ನೂ ಒಂದು ಚೂರು ಉಳಿದಿತ್ತು, ಅಪ್ಪ ಬಿಡಲಿಲ್ಲ. ಬೆರಳು ಸುಡುತ್ತಿದ್ದರೂ ಕೈ ಬದಲಿಸಿಕೊಂಡು ಇನ್ನೊಂದು ದಮ್ಮು ಎಳೆದ.